ಸ್ಪೇನಿನ ಕಡಲೆಕಾಳಿಗೆ ಮೈಸೂರಿನ ಉಪ್ಪು

ನಮ್ಮ ಮನೆಯಲ್ಲಿ ಯಾವ ಅಡುಗೆಯೂ ಸುಮ್ಮನೆ ಒಲೆ ಹತ್ತಿ ಸುಮ್ಮನೆ ಇಳಿದದ್ದಿಲ್ಲ. ಒಂದು ಉಪ್ಪಿಟ್ಟು ಮಾಡಲು ಹೋದರೂ ಅದರೊಳಗೆ ಯಾರೋ ಮೂರನೆಯವರು ಬಂದು ಸಿಕ್ಕಿಕೊಂಡು, ಕೊನೆಗೆ ಅದು ನಾಲ್ಕು ಜನಕ್ಕೆ ಹೇಳಿ ನಗುವ ಸಂಗತಿಯಾಗುತ್ತದೆ. ಊರಲ್ಲಿದ್ದಾಗಲೂ ಹೀಗೇ, ಜಪಾನಿಗೆ ಬಂದ ಮೇಲೂ ಹೀಗೇ. ಈ ಸಲದ್ದು ಒಂದು ಬಟ್ಟಲು ಕಡಲೆಕಾಳಿನದು.

ನಾವಿರುವುದು ತ್ಸುಕುಬಾದಲ್ಲಿ. ಹೆಂಡತಿ ಇಲ್ಲಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಗಿಡಗಳ ಬೇರಿನ ಬಗ್ಗೆ ಕೆಲಸ ಮಾಡುತ್ತಾಳೆ. ನಾನು ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತೇನೆ, ಅಂದರೆ ಮೀಟಿಂಗಿನ ಮಧ್ಯೆ ಎದ್ದು ಕುಕ್ಕರ್ ಆರಿಸಿ ಬರುತ್ತೇನೆ. ಈ ವಸಂತದಲ್ಲಿ ನನ್ನ ಅತ್ತೆ, ಹೆಂಡತಿಯ ತಾಯಿ, ಮೈಸೂರಿನಿಂದ ಬಂದಿದ್ದರು.

ಅತ್ತೆಯವರದು ರುಚಿ ನೋಡದೆ ಅಡುಗೆ ಮಾಡುವ ಮನೆತನ. ದೇವರಿಗೆ ಇಡುವ ಮುಂಚೆ ಯಾವ ಪದಾರ್ಥಕ್ಕೂ ನಾಲಿಗೆ ತಾಕಿಸುವ ಹಾಗಿಲ್ಲ. ಅವರು ಕುದಿಯುವ ಪಾತ್ರೆಯ ಮೇಲೆ ಬಗ್ಗಿ ಒಂದು ಸಲ ಉಸಿರೆಳೆದುಕೊಂಡು, "ಉಪ್ಪು ಸ್ವಲ್ಪ ಬೇಕು" ಅನ್ನುತ್ತಿದ್ದರು. ಹಾಕಿದರೆ ಸರಿಯಾಗಿಯೇ ಇರುತ್ತಿತ್ತು. ಆದರೆ ಹೋದ ವರ್ಷ ಒಂದು ಜ್ವರ ಬಂತು. ಹೋಗುವಾಗ ಅದು ಅತ್ತೆಯ ಮೂಗನ್ನೂ ನಾಲಿಗೆಯನ್ನೂ ಜೊತೆಗೆ ತಗೊಂಡು ಹೋಯಿತು. ವಾಸನೆಯಿಲ್ಲ, ರುಚಿಯಿಲ್ಲ, ಏನು ತಿಂದರೂ ಹಸಿ ಹಿಟ್ಟು ತಿಂದ ಹಾಗೆ. ನಿಧಾನಕ್ಕೆ ಬರಬಹುದು ಅಂತ ಡಾಕ್ಟರು ಹೇಳಿದ್ದರು. ಅತ್ತೆ ಕಾಯಲಿಲ್ಲ. "ನನ್ನ ಕೈ ಹೋಯ್ತು" ಅಂತ ಸೌಟು ಕೆಳಗಿಟ್ಟುಬಿಟ್ಟರು. ಅಡುಗೆಯನ್ನು ತಂಗಿಗೆ ವಹಿಸಿ, ಸೋಫಾದ ಮೂಲೆಯಲ್ಲಿ ಕೂತರು. ಇಲ್ಲಿಗೆ ಬಂದ ಮೇಲೂ ಬೆಳಿಗ್ಗೆ ಕಾಫಿ ಲೋಟ ಮೂಗಿನ ಹತ್ತಿರ ಹಿಡಿದು, ಹಾಗೇ ಇಳಿಸುತ್ತಿದ್ದರು. ಅದನ್ನು ನೋಡಿದರೆ ನನಗೇ ಸಂಕಟವಾಗುತ್ತಿತ್ತು.

ಅವರು ಬಂದ ದಿನವೇ ಹೆಂಡತಿ ನನ್ನನ್ನು ಬಾಲ್ಕನಿಗೆ ಕರೆದು, "ಅಮ್ಮನ ಕೈಗೆ ಮತ್ತೆ ಸೌಟು ಬರಬೇಕು. ಬರೋವರೆಗೂ ನಾನು ಅವಳನ್ನ ವಾಪಸ್ ಕಳಿಸಲ್ಲ" ಅಂದಳು.

ಫಸ್ಟ್ ಕ್ಲಾಸ್ ಸಾರು

ಪ್ರೋತ್ಸಾಹ ಕೊಡಬೇಕು ಅಂತ ನಾವಿಬ್ಬರೂ ನಿರ್ಧಾರ ಮಾಡಿದೆವು. ಹೆಂಡತಿ ಬೇಡಿಕೊಂಡ ಮೇಲೆ ಅತ್ತೆ ಒಂದು ದಿನ ಸಾರು ಮಾಡಿದರು. ನಾನು ಮೊದಲ ತುತ್ತಿಗೇ ತಲೆದೂಗಿದೆ. "ಆಹಾ ಅತ್ತೆ, ಫಸ್ಟ್ ಕ್ಲಾಸ್." ಹೆಂಡತಿ, "ಅದೇ ಹದ ಅಮ್ಮ, ಏನೂ ಬದಲಾಗಿಲ್ಲ" ಅಂದಳು. ನಾನು ಇನ್ನೊಂದು ಸಲ ಹಾಕಿಸಿಕೊಂಡೆ. ಕೊನೆಗೆ ಬಟ್ಟಲಿಗೆ ಹುಯ್ದುಕೊಂಡು ಕುಡಿದೆ ಕೂಡ.

ಅತ್ತೆ ಕೈ ಕಟ್ಟಿಕೊಂಡು ನೋಡುತ್ತಾ ನಿಂತಿದ್ದರು.

"ಉಪ್ಪು ಸರಿಯಾಗಿದೆಯಾ ಅಳಿಯಂದ್ರೇ?"

"ಹೇಳಿ ಮಾಡಿಸಿದ ಹಾಗಿದೆ."

"ಇದಕ್ಕೆ ನಾನು ಉಪ್ಪೇ ಹಾಕಿಲ್ಲ. ನೀವಿಬ್ಬರೂ ನಿಜ ಹೇಳ್ತೀರೋ ಇಲ್ವೋ ಅಂತ ನೋಡೋಣ ಅನ್ನಿಸ್ತು."

ಹೆಂಡತಿ ಕೆಮ್ಮಿದಳು. ನಾನು ಬಟ್ಟಲ ತಳ ನೋಡಿಕೊಂಡು ಕೂತೆ. ಅತ್ತೆ ಪಾಪ, ಕೋಪ ಮಾಡಿಕೊಳ್ಳಲಿಲ್ಲ. ಉಪ್ಪಿನ ಡಬ್ಬಿ ತಂದು ನನ್ನ ಮುಂದಿಟ್ಟು, "ತಗೊಳ್ಳಿ, ಕುಡಿದಿದ್ದರ ಮೇಲೆ ಹಾಕ್ಕೊಳ್ಳಿ" ಅಂದರು.

ಅನ್ನ ಬರದ ಊಟ

ಅಂದಿನಿಂದ ನಮ್ಮ ಮಾತಿಗೆ ಮನೆಯಲ್ಲಿ ಮೂರು ಕಾಸಿನ ಬೆಲೆ ಇಲ್ಲದ ಹಾಗಾಯಿತು. ಅಷ್ಟರಲ್ಲಿ ಹೆಂಡತಿಯ ಲ್ಯಾಬಿನಲ್ಲಿದ್ದ ಸ್ಪೇನ್ ದೇಶದ ಹುಡುಗಿಯೊಬ್ಬಳು ಕೆಲಸ ಮುಗಿಸಿ ಊರಿಗೆ ಹೊರಟಳು. ಬೀಳ್ಕೊಡುಗೆಗೆ ಅವಳ ಊರಿನ ತಿಂಡಿಗಳನ್ನೇ ಮಾಡಿ ಬೆರಗುಗೊಳಿಸಬೇಕು ಅಂತ ಲ್ಯಾಬಿನ ಜಪಾನಿಯವರು ಯೋಚನೆ ಮಾಡಿದರು. ಸ್ಪೇನಿನಲ್ಲಿ ತಾಪಾಸ್ ಅಂತ ಚಿಕ್ಕ ಚಿಕ್ಕ ತಟ್ಟೆಗಳಲ್ಲಿ ಹತ್ತಾರು ಬಗೆ ಇಡುತ್ತಾರಲ್ಲ, ಅದು. ಒಬ್ಬೊಬ್ಬರ ಮನೆಗೆ ಒಂದೊಂದು ಬಗೆ. ಇಂಡಿಯಾದವರಿಗೆ ಕಾಳು ಚೆನ್ನಾಗಿ ಗೊತ್ತು ಅಂತ ಕಾಬೂಲ್ ಕಡಲೆ ಮತ್ತು ಪಾಲಕ್ ಸೊಪ್ಪಿನ ಒಂದು ಪದಾರ್ಥ ನಮ್ಮ ಪಾಲಿಗೆ ಬಂತು. ಹೆಂಡತಿ ಅಲ್ಲೇ, "ನಮ್ಮ ತಾಯಿ ಮಾಡ್ತಾರೆ" ಅಂತ ಅಮ್ಮನ ಹೆಸರು ಕೊಟ್ಟು ಬಂದಳು.

ಅತ್ತೆ ಒಪ್ಪಲಿಲ್ಲ. "ಹತ್ತು ಜನದ ಎದುರಿಗೆ ನನ್ನ ಮರ್ಯಾದೆ ತೆಗೀಬೇಡ ಕಣೇ. ಗೊತ್ತಿರೋ ಸಾರಿಗೇ ಗತಿ ಇಲ್ಲ, ಗೊತ್ತಿಲ್ಲದ ಸ್ಪೇನಿಗೆ ಎಲ್ಲಿಂದ ಉಪ್ಪು ಹಾಕಲಿ?"

"ಇಲ್ಲಿ ಒಂದು ಸಲ ಹೆಸರು ಕೊಟ್ಟರೆ ವಾಪಸ್ ತಗೊಳ್ಳೋ ಹಾಗಿಲ್ಲ ಅಮ್ಮ, ತುಂಬಾ ಬೇಜಾರ್ ಮಾಡ್ಕೋತಾರೆ" ಅಂತ ಇವಳು ಕಾನೂನು ಹೇಳಿದಳು. ಹಾಗೊಂದು ಕಾನೂನು ಇದೆಯೋ ಇಲ್ಲವೋ ನನಗಂತೂ ಗೊತ್ತಿಲ್ಲ.

ಹೆಂಡತಿ ಮೊಬೈಲಿನಲ್ಲಿ ತಾಪಾಸಿನ ಚಿತ್ರ ತೋರಿಸಿದಳು. ಅತ್ತೆ ಕನ್ನಡಕ ಹಾಕಿಕೊಂಡು ತಟ್ಟೆ ತಟ್ಟೆಯನ್ನೂ ನೋಡಿದರು.

"ಇದು ಪಲ್ಯದ ಥರ. ಇದು ಕೋಸಂಬರಿ ಥರ. ಇದೇನೋ ಗೊಜ್ಜು. ಸರಿ, ಎಲೆ ತುದಿಗೆ ಬಡಿಸೋದೆಲ್ಲ ಬಡಿಸಿದ್ದಾರೆ. ಅನ್ನ ಯಾವಾಗ ಬರುತ್ತೆ?"

"ಅನ್ನ ಬರಲ್ಲ ಅಮ್ಮ. ಇಷ್ಟೇ."

ಅತ್ತೆ ಕನ್ನಡಕ ತೆಗೆದು ಸೀರೆ ಸೆರಗಿಗೆ ಒರೆಸಿಕೊಂಡರು. ಅವರ ಮನಸ್ಸು ಕರಗಿದ್ದು ಆವಾಗಲೇ.

"ಅಯ್ಯೋ ಪಾಪ. ಅಷ್ಟು ದೂರದಿಂದ ಬಂದ ಹುಡುಗಿ, ಅನ್ನ ಹಾಕದೇ ಕಳಿಸ್ತಾರಂತೆ. ಆಯ್ತು, ಕಾಳಾದ್ರೂ ನಾನು ಮಾಡಿಕೊಡ್ತೀನಿ ಬಿಡು."

ಕ್ಷಮಿಸಿದ್ದೀನಿ ಅಂತ ಹೇಳಿ

ಕಾಬೂಲ್ ಕಡಲೆ ಇಲ್ಲಿ ಡಬ್ಬಿಯಲ್ಲಿ ಬೆಂದು ಸಿಗುತ್ತದೆ. ಅತ್ತೆ ಮುಟ್ಟಲಿಲ್ಲ. "ಯಾರೋ ಯಾವಾಗಲೋ ಬೇಯಿಸಿದ್ದು." ಒಣಕಾಳು ಬೇಕಾದರೆ ಊರಾಚೆ ಒಂದು ಹಲಾಲ್ ಅಂಗಡಿಗೆ ಹೋಗಬೇಕು. ನಮಗೆ ಕಾರಿಲ್ಲ, ಸೈಕಲ್ಲೇ ಗತಿ. ಅತ್ತೆಗೆ ಬಸ್ಸಿಗೆ ಕಾಯುವ ತಾಳ್ಮೆ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೈಕಲ್ಲಿನ ಕ್ಯಾರಿಯರ್ ಮೇಲೆ ಒಂದು ಪಕ್ಕಕ್ಕೆ ಕೂತುಬಿಟ್ಟರು. ಮೈಸೂರಿನಲ್ಲಿ ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ಲಿನಲ್ಲಿ ಹೀಗೇ ಕಾಲೇಜಿಗೆ ಹೋಗುತ್ತಿದ್ದರಂತೆ.

ಇಲ್ಲಿ ದೊಡ್ಡವರನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಳ್ಳುವ ಹಾಗಿಲ್ಲ. ನನಗೆ ಗೊತ್ತಿತ್ತು. ಆದರೆ ಅತ್ತೆ ಅಷ್ಟು ದಿನದಲ್ಲಿ ಮೊದಲ ಸಲ ಹುರುಪಿನಿಂದ ಏನೋ ಮಾಡುತ್ತಿದ್ದಾರೆ, ಅಳಿಯನಾದವನು ಇಳಿಯಿರಿ ಅಂತ ಹೇಗೆ ಹೇಳಲಿ? ಗಲ್ಲಿ ಗಲ್ಲಿಯಲ್ಲೇ ಹೋದೆ. ಹೋಗುವಾಗ ಏನೂ ಆಗಲಿಲ್ಲ. ಅಂಗಡಿಯಲ್ಲಿ ಅತ್ತೆ ಪ್ಯಾಕೆಟ್ಟುಗಳನ್ನು ಬೆಳಕಿಗೆ ಹಿಡಿದು, ಕಾಳಿನ ಸಿಪ್ಪೆ ನೋಡಿ, ಅಂಗಡಿಯವನ ಜೊತೆ ಕೈಸನ್ನೆಯಲ್ಲೇ ವಾದ ಮಾಡಿ, ಒಳಗಿದ್ದ ಹೊಸ ಮೂಟೆ ಬಿಚ್ಚಿಸಿದರು. ಮುಖ ಅರಳಿತ್ತು. ಮೂಗು ಹೋದರೂ ಕಣ್ಣು ಹೋಗಿಲ್ಲ ಅಂತ ಅವರಿಗೇ ಜ್ಞಾಪಕ ಬಂದಿರಬೇಕು.

ವಾಪಸ್ ಬರುವಾಗ ಒಬ್ಬ ಪೊಲೀಸಪ್ಪ ಅಡ್ಡ ಬಂದ. ಇಲ್ಲಿಯ ಪೊಲೀಸರು ಲಾಠಿ ತೋರಿಸುವುದಿಲ್ಲ. ಮೊದಲು ತಲೆ ಬಗ್ಗಿಸಿ, "ಸುಮಿಮಾಸೆನ್" ಅಂದ. ನಾನು ಬಗ್ಗಿ, "ಸುಮಿಮಾಸೆನ್" ಅಂದೆ. ಅವನು ಹೀಗೆ ಇಬ್ಬರು ಹೋಗುವುದು ಅಪಾಯ ಅಂತ ಇನ್ನೂ ಬಗ್ಗಿದ. ನಾನೂ ಬಗ್ಗಿದೆ. ಅತ್ತೆ ಇಳಿದು ನಿಂತು ಕೈ ಮುಗಿದರು. ಅವನು ಗಾಬರಿಯಾಗಿ ಟೋಪಿ ತೆಗೆದು ಮತ್ತೂ ಬಗ್ಗಿದ.

"ಏನಂತೆ ಇವನಿಗೆ?" ಅತ್ತೆ ಕೇಳಿದರು.

"ಸುಮಿಮಾಸೆನ್ ಅಂದರೆ ಕ್ಷಮಿಸಿ ಅಂತ, ಅತ್ತೆ."

ಅತ್ತೆ ಅವನನ್ನು ಕನಿಕರದಿಂದ ನೋಡಿದರು. ಚಿಕ್ಕ ವಯಸ್ಸಿನವನು, ಬಿಸಿಲಲ್ಲಿ ನಿಂತಿದ್ದ.

"ಆಗಿಂದ ಕೇಳ್ತಾನೇ ಇದ್ದಾನಲ್ಲ ಪಾಪ. ಆಯ್ತು, ಕ್ಷಮಿಸಿದ್ದೀನಿ ಅಂತ ಹೇಳಿ ಅಳಿಯಂದ್ರೇ, ಹೊರಡೋಣ."

ಕೆಳಮನೆಯ ನಾಲಿಗೆ

ಪಾರ್ಟಿಗೆ ಮುಂಚೆ ಮಾಡಿ ನೋಡಬೇಕಲ್ಲ. ಆ ಪದಾರ್ಥದಲ್ಲಿ ಬೆಂದ ಕಡಲೆ, ಸೊಪ್ಪು, ಎಣ್ಣೆಯಲ್ಲಿ ಕರಿದು ಅರೆದ ಬ್ರೆಡ್ಡು ಮತ್ತು ಬೆಳ್ಳುಳ್ಳಿ, ಜೀರಿಗೆ, ಕೆಂಪು ಮೆಣಸಿನ ಪುಡಿ, ಕೊನೆಗೆ ವಿನೆಗರ್. ಅತ್ತೆ ಪೂರ್ತಿ ಕೇಳಿ, "ಜೀರಿಗೆ ಹಾಕ್ತಾರಾ? ಹಾಗಾದ್ರೆ ನಮ್ಮೋರೇ" ಅಂದರು. ಬೆಳ್ಳುಳ್ಳಿ ನಮ್ಮ ಅತ್ತೆಯ ಒಲೆ ಹತ್ತುವುದಿಲ್ಲ, ಅದರ ಬದಲು ಇಂಗು. ಬ್ರೆಡ್ಡು ನೋಡಿ ಮುಖ ಸಿಂಡರಿಸಿ ಹುರಿಗಡಲೆ ತೆಗೆದರು. ವಿನೆಗರನ್ನು ಮಾತ್ರ ಮಗಳ ಬಲವಂತಕ್ಕೆ ನಾಲ್ಕು ಹನಿ ಚಿಮುಕಿಸಿದರು.

ಪ್ರಶ್ನೆ ಉಪ್ಪಿನದೇ. ನಾವು ಹೇಳಿದರೆ ನಂಬುವುದಿಲ್ಲ. ಆಗ ಕೆಳಮನೆಯ ಓಜೀಸಾನ್ ನೆನಪಾದರು. ಓಜೀಸಾನ್ ಅಂದರೆ ಇಲ್ಲಿ ಅಜ್ಜ. ಒಬ್ಬರೇ ಇರುವವರು. ನಮ್ಮ ಕುಕ್ಕರ್ ಮೊದಲ ಸಲ ಕೂಗಿದಾಗ ಬೆಂಕಿ ಬಿತ್ತೇನೋ ಅಂತ ಮೇಲೆ ಓಡಿ ಬಂದಿದ್ದರು. ಈಗ ಅಭ್ಯಾಸವಾಗಿದೆ, ಮೆಟ್ಟಿಲಲ್ಲಿ ಸಿಕ್ಕಿದರೆ, "ಇವತ್ತು ಅನ್ನ ಅಲ್ಲ ಕಾಳು ಇರಬೇಕು, ಕೂಗು ಜಾಸ್ತಿ ಇತ್ತು" ಅಂತ ವಿಚಾರಿಸುತ್ತಾರೆ.

ಅತ್ತೆ ಒಂದು ಬಟ್ಟಲು ಕಳಿಸಿದರು. ಬಟ್ಟಲು ತೊಳೆದು, ಒರೆಸಿ, ಒಳಗೊಂದು ಸಿಹಿ ಇಟ್ಟು ವಾಪಸ್ ತಂದರು ಓಜೀಸಾನ್. "ಓಯಿಶೀ. ತುಂಬಾ ಓಯಿಶೀ." ಅಂದರೆ ರುಚಿಯಾಗಿದೆ. ಅತ್ತೆಗೆ ಅನುಮಾನ. ಮಾರನೆಯ ದಿನ ಬೇಕೆಂತಲೇ ಉಪ್ಪು ಕಡಿಮೆ ಹಾಕಿ ಕಳಿಸಿದರು. "ಓಯಿಶೀ." ಅದರಾಚೆ ದಿನ ಕೈತುಂಬ ಸುರಿದರು. ನಾನು ಒಂದು ಕಾಳು ಬಾಯಿಗೆ ಹಾಕಿಕೊಂಡು ಎರಡು ಲೋಟ ನೀರು ಕುಡಿದೆ. ಓಜೀಸಾನ್ ಬಟ್ಟಲು ತಂದುಕೊಟ್ಟು, ಕಣ್ಣು ಮುಚ್ಚಿ, "ಓಯಿಶೀ" ಅಂದರು.

"ಈ ದೇಶದಲ್ಲಿ ಚೆನ್ನಾಗಿಲ್ಲ ಅನ್ನೋ ಒಂದು ನಾಲಿಗೆ ಇಲ್ವಲ್ಲ" ಅಂತ ಅತ್ತೆ ಕುರ್ಚಿಯಲ್ಲಿ ಕೂತರು. ಧ್ವನಿ ಸಣ್ಣಗಾಗಿತ್ತು. "ಎಲ್ಲಾರೂ ಒಳ್ಳೆಯವರು. ಒಳ್ಳೆಯವರನ್ನ ಇಟ್ಕೊಂಡು ನಾನೇನು ಮಾಡಲಿ? ನನಗೆ ಗೊತ್ತಾಗಬೇಕಿರೋದು ಒಂದೇ. ಕೈ ಇದೆಯೋ ಹೋಯ್ತೋ."

ನನಗೆ ತಡೆಯಲಾಗಲಿಲ್ಲ. ಕೆಳಗೆ ಹೋಗಿ ಓಜೀಸಾನ್‌ಗೆ ವಿಷಯವೆಲ್ಲ ಬಿಡಿಸಿ ಹೇಳಿ, ದಯವಿಟ್ಟು ನಿಜ ಹೇಳಿ, ಉಪ್ಪು ಹೇಗಿತ್ತು ಅಂದೆ. ಅವರು ಬಗ್ಗಿ ಬಾಗಿಲಲ್ಲಿದ್ದ ಚಪ್ಪಲಿಗಳನ್ನು ನೆಟ್ಟಗೆ ಜೋಡಿಸಿದರು.

"ಬಿ.ಪಿ. ಇದೆ ಅಂತ ಡಾಕ್ಟರು ನನಗೆ ಹೊರಗಿನ ಅಡುಗೆ ನಿಲ್ಲಿಸಿದ್ದಾರೆ. ಬೇಡ ಅನ್ನಲು ಮನಸ್ಸಾಗಲಿಲ್ಲ. ಮೂರೂ ದಿನ ಪಕ್ಕದ ಬೀದಿಯಲ್ಲಿರುವ ನನ್ನ ತಂಗಿಗೆ ಕೊಟ್ಟೆ."

"ಅವರು ಏನಂದರು?"

"ಓಯಿಶೀ ಅಂದಳು."

ದೇವರೂ ಬಾಯಿ ಬಿಡಲಿಲ್ಲ

ಪಾರ್ಟಿಯ ದಿನ ಬಂತು. ಅತ್ತೆ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಯಾರನ್ನೂ ಅಡುಗೆಮನೆಗೆ ಬಿಡದೆ, ಬಾಗಿಲು ಹಾಕಿಕೊಂಡರು. ಒಳಗಿಂದ ಸೌಟಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆಮೇಲೆ ಒಗ್ಗರಣೆ ಚಟಪಟ ಅಂದಿದ್ದು ಕೇಳಿಸಿತು. ಹೆಂಡತಿ ನನ್ನ ಮುಖ ನೋಡಿದಳು. ಸ್ಪೇನಿನವರು ಸಾಸಿವೆ ಒಗ್ಗರಣೆ ಕೊಡುವುದಿಲ್ಲ. ಯಾರು ಒಳಗೆ ಹೋಗಿ ಹೇಳುವುದು?

ಅತ್ತೆ ಹೊರಗೆ ಬಂದು ಒಂದು ಬೆಳ್ಳಿ ಬಟ್ಟಲಲ್ಲಿ ಕಡಲೆ ಸೊಪ್ಪು ತೆಗೆದು, ಪುಸ್ತಕದ ಕಪಾಟಿನಲ್ಲಿದ್ದ ದೇವರ ಮುಂದಿಟ್ಟರು. ತಾಪಾಸ್ ನೈವೇದ್ಯವಾಯಿತು. ಕಣ್ಣು ಮುಚ್ಚಿ ನಿಂತವರು ಬಹಳ ಹೊತ್ತು ತೆರೆಯಲಿಲ್ಲ. ಏನು ಬೇಡಿಕೊಂಡರು ಅಂತ ಕೇಳುವ ಅಗತ್ಯವಿರಲಿಲ್ಲ. ಹೆಂಡತಿ ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

"ಅತ್ತೆ, ಈಗ ನೈವೇದ್ಯ ಆಯ್ತಲ್ಲ, ನಾನೊಂದು ಸ್ಪೂನ್ ನೋಡಲಾ?" ಅಂದೆ.

"ನೀವಾ?" ಅಂತ ಒಂದೇ ಮಾತು ಅಂದರು. ಸಾರಿನ ಪ್ರಕರಣ ಇನ್ನೂ ಹಸಿಯಾಗಿತ್ತು. ನಾನು ಸ್ಪೂನ್ ವಾಪಸ್ ಇಟ್ಟೆ.

ಡಬ್ಬಿಯ ಮುಚ್ಚಳ ಬಿಗಿಯುತ್ತಾ ದೇವರ ಕಡೆ ತಿರುಗಿ ಗೊಣಗಿದರು. "ಇವನೊಬ್ಬ. ನಲವತ್ತು ವರ್ಷದಿಂದ ಮೊದಲ ತುತ್ತು ಇವನಿಗೇ ಹಾಕ್ತಾ ಇದ್ದೀನಿ. ಒಂದು ದಿನಾನಾದ್ರೂ ಉಪ್ಪು ಜಾಸ್ತಿ ಆಯ್ತು ಅಂದಿದ್ದಾನಾ? ಇವನೂ ಜಪಾನಿನವನೇ ಇರಬೇಕು."

ಒಂದು ಒಳ್ಳೆಯ ಬೈಗುಳ

ಸಂಸ್ಥೆಯ ಹಾಲಿನಲ್ಲಿ ಉದ್ದಕ್ಕೆ ಮೇಜು ಹಾಕಿ, ಚಿಕ್ಕ ತಟ್ಟೆಗಳನ್ನು ಸಾಲಾಗಿ ಜೋಡಿಸಿದ್ದರು. ನಮ್ಮ ಕಡಲೆಯೂ ಒಂದು ಬಿಳಿ ತಟ್ಟೆಯಲ್ಲಿ ಸಾಸಿವೆ ಮಿಂಚಿಸುತ್ತಾ ಕೂತಿತು. ಬಂದವರೆಲ್ಲ ಒಂದು ಸ್ಪೂನ್ ತಿಂದು, ಅತ್ತೆಯ ಕಡೆ ತಿರುಗಿ, ಬಗ್ಗಿ, "ಓಯಿಶೀ" ಅಂದು ಹೋದರು. ಅತ್ತೆ ರೇಷ್ಮೆ ಸೀರೆಯಲ್ಲಿ ಕೂತು, ಒಬ್ಬೊಬ್ಬರಿಗೂ ನಕ್ಕು, ನಗುತ್ತಲೇ ನನಗೆ ಹೇಳಿದರು, "ಏಳನೇದು ಸುಳ್ಳು."

ಆಗ ಸ್ಪೇನಿನ ಹುಡುಗಿ ಬಂದಳು. ತನ್ನ ಊರಿನ ಕಡಲೆ ಸೊಪ್ಪು ಕಂಡು ಕೂಗಿ, ದೊಡ್ಡ ಸ್ಪೂನಿನಲ್ಲಿ ಬಾಯಿತುಂಬ ಹಾಕಿಕೊಂಡಳು. ಅಗಿದಳು. ಹುಬ್ಬು ಗಂಟಿಕ್ಕಿದಳು.

"ಇಲ್ಲ, ಇಲ್ಲ" ಅಂದಳು ಇಂಗ್ಲಿಷಿನಲ್ಲಿ. "ಇದು ಹಾಗಲ್ಲ. ಬೆಳ್ಳುಳ್ಳಿ ಎಲ್ಲಿ? ಬ್ರೆಡ್ಡು ಎಲ್ಲಿ ಹೋಯಿತು? ವಿನೆಗರ್ ಯಾರು ಕದ್ದರು? ಈ ಕಪ್ಪು ಗುಂಡು ಏನು, ಹಲ್ಲಿಗೆ ಸಿಗುತ್ತದೆ. ನಮ್ಮಮ್ಮ ನೋಡಿದರೆ ಅಳುತ್ತಾಳೆ."

ಸುತ್ತ ನಿಂತಿದ್ದ ಜಪಾನಿಯವರು ತಟ್ಟೆ ಹಿಡಿದುಕೊಂಡೇ ಕಲ್ಲಾದರು. ಹೆಂಡತಿ ನನ್ನ ತೋಳು ಗಿಲ್ಲಿ, ಏನಾದರೂ ಒಳ್ಳೆಯದು ಹೇಳು ಅಂತ ಕಣ್ಣು ಮಾಡಿದಳು.

ಅತ್ತೆ ನೆಟ್ಟಗೆ ಕೂತಿದ್ದರು. "ಏನಂದಳು? ಇದ್ದದ್ದು ಇದ್ದ ಹಾಗೆ ಹೇಳಿ. ಸಾರಿನ ಥರ ಬೇಡ."

ನಾನು ಒಂದೂ ಬಿಡದೆ ಹೇಳಿದೆ. ಅಮ್ಮ ಅಳುವುದನ್ನೂ ಸೇರಿಸಿ ಹೇಳಿದೆ. ಅತ್ತೆ ಒಂದೊಂದಕ್ಕೂ ತಲೆಯಾಡಿಸಿದರು. ಆಮೇಲೆ ಎದ್ದು ಆ ಹುಡುಗಿಯ ಹತ್ತಿರ ಹೋಗಿ, ಅವಳ ಕೈ ಹಿಡಿದುಕೊಂಡು, ತಮಗೆ ಬರುವ ಇಂಗ್ಲಿಷಿನಲ್ಲಿ ಒಂದೇ ಮಾತು ಕೇಳಿದರು.

"ಸಾಲ್ಟ್?"

ಹುಡುಗಿ ಇನ್ನೊಂದು ಸ್ಪೂನ್ ಬಾಯಿಗೆ ಹಾಕಿಕೊಂಡು ಯೋಚಿಸಿದಳು.

"ಸಾಲ್ಟ್ ಪರ್ಫೆಕ್ಟ್" ಅಂದಳು. "ಅದೊಂದೇ ಸರಿಯಾಗಿರುವುದು."

ಅಷ್ಟು ಜನರ ಹೊಗಳಿಕೆಗೆ ಅಲುಗಾಡದ ಅತ್ತೆ ಈ ಒಂದು ಮಾತಿಗೆ ಕುರ್ಚಿ ಹುಡುಕಿಕೊಂಡರು. ಕಣ್ಣು ತುಂಬಿತ್ತು. ಎಲ್ಲದಕ್ಕೂ ಹುಳುಕು ಹುಡುಕಿದವಳು ಉಪ್ಪಿಗೆ ಮಾತ್ರ ಹುಡುಕಲಿಲ್ಲ ಅಂದ ಮೇಲೆ ಅದು ನಿಜವೇ. ಹುಡುಗಿ ಬೈಯುತ್ತಲೇ ಅರ್ಧ ತಟ್ಟೆ ಖಾಲಿ ಮಾಡಿದ್ದಳು.

"ಈ ಮಗು ನಮ್ಮ ಮೈಸೂರಿನ ದೊಡ್ಡತ್ತೆ ಇದ್ದ ಹಾಗಿದೆ" ಅಂದರು ಅತ್ತೆ, ಮೂಗು ಒರೆಸಿಕೊಳ್ಳುತ್ತಾ. "ಬೈಕೊಂಡೇ ಮೂರು ಸಲ ಹಾಕಿಸ್ಕೊಳ್ಳೋರು."

ಪ್ರೊಫೆಸರರ ಸೂಪು

ಲ್ಯಾಬಿನ ಮುಖ್ಯಸ್ಥರಾದ ಜಪಾನಿ ಪ್ರೊಫೆಸರು ಗಂಭೀರ ಮನುಷ್ಯ. ಎಲ್ಲರೂ ಅವರನ್ನು ಸೆನ್ಸೇ, ಅಂದರೆ ಗುರುಗಳೇ, ಅಂತ ಕರೆಯುತ್ತಾರೆ. ಇಡೀ ಜೀವಮಾನದಲ್ಲಿ ಅಂದೇ ಮೊದಲ ಸಲ ಅಡುಗೆ ಮಾಡಿದ್ದರಂತೆ. ಗಾಜಿನ ಲೋಟಗಳಲ್ಲಿ ಬೆಳ್ಳಗೆ, ತಣ್ಣಗೆ ಏನನ್ನೋ ತುಂಬಿ ತಂದಿದ್ದರು. ಅತ್ತೆಯ ಕಣ್ಣು ಒದ್ದೆಯಾಗಿದ್ದು ಕಂಡು ಗಾಬರಿಯಾಗಿ, ಒಂದು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಂದರು.

"ಇದರಲ್ಲಿ ಮಾಂಸ, ಮೊಟ್ಟೆ ಏನೂ ಇಲ್ಲ. ಬಾದಾಮಿ" ಅಂದರು.

"ಬಾದಾಮಿ ಹಾಲು ಅಂತೆ ಅತ್ತೆ" ಅಂತ ನಾನು ಧೈರ್ಯವಾಗಿ ಹೇಳಿದೆ. ಅತ್ತೆ ಸಂತೋಷದಿಂದ ತಗೊಂಡು ತುಟಿಯ ಹತ್ತಿರ ತಂದರು. ಅಲ್ಲೇ ನಿಂತುಬಿಟ್ಟರು. ಮುಖ ಹಿಂದಕ್ಕೆ ಎಳೆದುಕೊಂಡು ಸೆರಗು ಮೂಗಿಗೆ ಒತ್ತಿದರು.

"ಥೂ, ಏನು ಕೆಟ್ಟ ವಾಸನೆ. ಹಸಿ ಬೆಳ್ಳುಳ್ಳಿ ಅರೆದು ಹಾಕಿದ್ದಾರೆ ಇದಕ್ಕೆ."

ಅದು ಬಾದಾಮಿ, ಹಸಿ ಬೆಳ್ಳುಳ್ಳಿ ರುಬ್ಬಿದ ಸ್ಪೇನಿನ ಸೂಪು. ನನಗೆ ಅದು ಆಮೇಲೆ ಗೊತ್ತಾಯಿತು. ಆಗ ನನಗೂ ಹೆಂಡತಿಗೂ ಕೇಳಿಸಿದ್ದು ಒಂದೇ ಶಬ್ದ. ಹೆಂಡತಿಯ ಕೈಯಲ್ಲಿದ್ದ ತಟ್ಟೆ ಓರೆಯಾಗಿ ಆಲಿವ್ ಹಣ್ಣುಗಳು ನೆಲಕ್ಕೆ ಉರುಳಿದವು.

"ಅಮ್ಮ. ಏನಂದೆ?"

"ವಾಸನೆ ಕಣೇ, ಬೆಳ್ಳುಳ್ಳಿ..." ಅನ್ನುತ್ತಿದ್ದವರಿಗೆ ತಾವೇನು ಹೇಳುತ್ತಿದ್ದೇವೆ ಅಂತ ಆಗ ಹೊಳೆಯಿತು. ಸೆರಗು ಸರಿಸಿದರು. ಲೋಟವನ್ನು ಮೆಲ್ಲಗೆ ಮೂಗಿನ ಹತ್ತಿರ ತಂದರು. "ಥೂ" ಅಂದು ದೂರ ಹಿಡಿದರು. ಮತ್ತೆ ಹತ್ತಿರ ತಂದರು. ಜನ್ಮದಲ್ಲಿ ಬೆಳ್ಳುಳ್ಳಿಯನ್ನು ಮನೆಯೊಳಗೆ ಬಿಡದ ಹೆಂಗಸು ಆ ಲೋಟದೊಳಗೆ ಮೂಗಿಟ್ಟು, ಅಳುತ್ತಾ ನಗುತ್ತಾ, ಹೊಟ್ಟೆತುಂಬ ಉಸಿರೆಳೆದುಕೊಂಡರು. ತಾಯಿ ಮಗಳು ತಬ್ಬಿಕೊಂಡಾಗ ಸೂಪು ರೇಷ್ಮೆ ಸೀರೆಯ ಮೇಲೆ ಚೆಲ್ಲಿತು, ಯಾರೂ ಒರೆಸಲಿಲ್ಲ.

ಪ್ರೊಫೆಸರು ಕಂಬದ ಹಾಗೆ ನಿಂತಿದ್ದರು. "ಸುಮಿಮಾಸೆನ್, ಅವರು ಏನು ಹೇಳಿದರು?"

ನಾನು ಬಾಯಿ ತೆರೆದೆ. ಅತ್ತೆ ನನ್ನ ಕಡೆ ಬೆರಳು ತೋರಿಸಿದರು. "ಓಯಿಶೀ ಅಂದ್ರೆ ನೋಡಿ. ತುಂಬಾ ನಾರುತ್ತೆ ಅಂತಾನೇ ಹೇಳಿ. ಯಾಕೆ ಅಳ್ತಿದ್ದೀನಿ ಅಂತಾನೂ ಹೇಳಿ."

ನಾನು ಹೆಂಡತಿಯ ಕಡೆ ತಿರುಗಿದೆ. ಹೆಂಡತಿಯೇ ಜಪಾನಿ ಭಾಷೆಯಲ್ಲಿ ಹೇಳಿದಳು. ಒಂದು ವರ್ಷದಿಂದ ಅಮ್ಮನಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ, ನಿಮ್ಮ ಸೂಪು ಎಷ್ಟು ನಾರುತ್ತದೆಂದರೆ ಅದು ಅವರಿಗೆ ತಿಳಿಯಿತು ಅಂತ. ಪ್ರೊಫೆಸರು ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದರು. ಅತ್ತೆಗೆ ಸೊಂಟದವರೆಗೆ ಬಗ್ಗಿ, ಬಹಳ ಹೊತ್ತು ಹಾಗೇ ಇದ್ದರು.

ಆಮೇಲೆ ಆ ಗಂಭೀರ ಮನುಷ್ಯ ಹಾಲಿನ ಈ ತುದಿಯಿಂದ ಆ ತುದಿಗೆ ಹೋಗಿ, ತಮ್ಮ ಸೂಪು ಭಯಂಕರ ನಾರುತ್ತದೆ ಅಂತ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದರು. ವಿಷಯ ತಿಳಿದ ಜಪಾನಿಯವರು ಶಿಸ್ತಾಗಿ ಸಾಲು ನಿಂತರು. ಒಬ್ಬೊಬ್ಬರೇ ಮುಂದೆ ಬಂದು, ಬಗ್ಗಿ, ಸೂಪಿನ ಪಾತ್ರೆಯನ್ನು ಮೂಸಿ, ಪ್ರೊಫೆಸರರಿಗೆ ವಂದಿಸಿ, "ಹೌದು ಸೆನ್ಸೇ, ನಿಜವಾಗಿಯೂ ತುಂಬಾ ನಾರುತ್ತದೆ" ಅಂತ ಮನಸಾರೆ ಅಭಿನಂದಿಸಿ ಹೋದರು.